ಕಡಲ ನಡುವಿನ ಕಲ್ಲುಮಠ

ಫ್ರಾನ್ಸ್ ದೇಶದ ವಾಯವ್ಯ ಕರಾವಳಿಯಲ್ಲಿ, ನಾರ್ಮಂಡಿ ಮತ್ತು ಬ್ರಿಟನಿ ಎಂಬ ಎರಡು ಪ್ರಾಂತಗಳು ಒಂದನ್ನೊಂದು ಮುಟ್ಟುವೆಡೆಯಲ್ಲಿ, ಸಮುದ್ರವು ನೆಲದೊಳಕ್ಕೆ ಬಾಗಿ ಬಂದು ವಿಶಾಲವಾದ ಕೊಲ್ಲಿಯಾಗಿದೆ. ಆ ಕೊಲ್ಲಿಯ ಮರಳಿನಲ್ಲಿ ಒಂಟಿಯಾಗಿ ಎದ್ದು ನಿಂತ ಬಂಡೆಯೊಂದುಂಟು. ಬಂಡೆಯ ಬುಡಕ್ಕೆ ಕೋಟೆ, ನಡುವಿಗೆ ಊರು, ನೆತ್ತಿಗೆ ಮಠ. ಇದೇ ಮೋಂ ಸೇಂ ಮಿಶೆಲ್, ಅಂದರೆ ಸಂತ ಮಿಕಾಯೇಲನ ಬೆಟ್ಟ. ಉಬ್ಬರದ ಹೊತ್ತಿಗೆ ನೋಡಿದವರಿಗೆ ಇದು ದ್ವೀಪ. ಇಳಿತದ ಹೊತ್ತಿಗೆ ನೋಡಿದವರಿಗೆ ಮರಳುಗಾಡಿನ ನಡುವಿನ ಗುಡ್ಡ. 1979ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಬೆಟ್ಟವನ್ನೂ ಸುತ್ತಣ ಕೊಲ್ಲಿಯನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಮಿಗಿಲಾದ ಜನ ಬಂದು ಹೋಗುವ ಈ ಊರಿನಲ್ಲಿ ಕಾಯಂ ಆಗಿ ವಾಸಿಸುವವರು ಬೆರಳೆಣಿಕೆಯ ಕುಟುಂಬಗಳು ಮಾತ್ರ.

ನಾವು ದಂಪತಿಗಳು ಇಲ್ಲಿಗೆ ಹೋದದ್ದು 2023ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ, ಭಾದ್ರಪದ ಹುಣ್ಣಿಮೆಯ ಮರುದಿನ. ನಮ್ಮ ಮಗಳು ರೆನ್ ನಗರದ ಪ್ರಯೋಗಾಲಯವೊಂದರಲ್ಲಿ ನಾಲ್ಕು ವರ್ಷಗಳಿಂದ ಕೆಲಸದಲ್ಲಿದ್ದಳು. ಆಕೆಯ ಮನೆಯಲ್ಲಿ ಹತ್ತು ದಿನಗಳಿಂದ ನಾವು ಅತಿಥಿಗಳಾಗಿದ್ದೆವು. ಅವಳ ಕರಾರಿನ ಅವಧಿ ಮುಗಿಯುತ್ತ ಬಂದಿತ್ತು. ಅದೇ ಸಂಸ್ಥೆಯಲ್ಲಿ ಕಾಯಂ ಹುದ್ದೆಯೊಂದು ದೊರೆಯುವ ಸೂಚನೆಯೂ ಇತ್ತು. ಈ ವಿಷಯ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು, ಆದರೆ ಯಾರೂ ಆಡಿರಲಿಲ್ಲ. ಊಟಕ್ಕೆ ಕುಳಿತಾಗ ಹವೆಯ ಮಾತು ಬರುತ್ತಿತ್ತು, ಧಾರವಾಡದ ಬಂಧುಗಳ ಮಾತು ಬರುತ್ತಿತ್ತು, ಇದೊಂದು ಮಾತ್ರ ಬರುತ್ತಿರಲಿಲ್ಲ. ಹುಣ್ಣಿಮೆಯ ಆಸುಪಾಸಿನಲ್ಲಿ ಅಲ್ಲಿಯ ಉಬ್ಬರ ನೋಡತಕ್ಕದ್ದೆಂದು ಹೇಳಿ ಶನಿವಾರ ಬೆಳಿಗ್ಗೆ ಮಗಳೇ ನಮ್ಮನ್ನು ಬಸ್ಸಿಗೆ ಹತ್ತಿಸಿದಳು. ರೆನ್‌ನಿಂದ ಒಂದು ಗಂಟೆ ಹತ್ತು ನಿಮಿಷದ ಹಾದಿ. ಎರಡೂ ಬದಿಗೆ ಸೇಬಿನ ತೋಟಗಳು, ಮೆಕ್ಕೆಜೋಳದ ಹೊಲಗಳು.

ಕೊಲ್ಲಿಯ ಅಂಚಿಗೆ ಇನ್ನೂ ಕೆಲವು ಮೈಲಿ ಇರುವಾಗಲೇ ಬಯಲಿನ ಮೇಲೆ ಆ ಶಿಖರ ಕಾಣಿಸಿಕೊಂಡಿತು. ಮಂಜು ಹಾಸಿದ್ದರಿಂದ ಬುಡ ಕಾಣುತ್ತಿರಲಿಲ್ಲ. ಮೇಲ್ಭಾಗವಷ್ಟೇ ಆಕಾಶಕ್ಕೆ ಆತುಕೊಂಡಂತೆ ತೋರುತ್ತಿತ್ತು. ವಾಹನಗಳೆಲ್ಲ ಬೆಟ್ಟದಿಂದ ಎರಡೂವರೆ ಕಿಲೋಮೀಟರ್ ಹಿಂದೆಯೇ ನಿಲ್ಲಬೇಕು. ಅಲ್ಲಿಂದ ಸಣ್ಣ ಬಸ್ಸುಗಳುಂಟು, ಇಲ್ಲವೇ ನಡೆದು ಹೋಗಬಹುದು. ನಮ್ಮ ಮನೆಯವರಿಗೆ ಮೊಣಕಾಲು ನೋವು. ಆದರೂ ಅವರು ಬಸ್ಸಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಯಾವ ದೇವರದಾದರೇನು, ಗುಡಿಗೆ ಹೊರಟವರು ಕಡೆಯ ಹಾದಿಯನ್ನಾದರೂ ನಡೆಯಬೇಕೆಂಬುದು ಅವರ ತವರಿನ ಸಂಸ್ಕಾರ.

ಈ ಕಡೆಯ ಹಾದಿಗೂ ಒಂದು ಕಥೆಯಿದೆ. 1879ರಲ್ಲಿ ದಡದಿಂದ ಬೆಟ್ಟಕ್ಕೆ ಮಣ್ಣು ಕಲ್ಲುಗಳ ಏರಿ ಕಟ್ಟಿ ರಸ್ತೆ ಮಾಡಿದರು. ಜನಕ್ಕೆ ಅನುಕೂಲವಾಯಿತು, ಕಡಲಿಗೆ ಅಡ್ಡಿಯಾಯಿತು. ಅಲೆಗಳು ತಂದ ಹೂಳು ಮರಳಿ ಹೋಗಲು ದಾರಿಯಿಲ್ಲದೆ ಬೆಟ್ಟದ ಸುತ್ತ ಕೂಡುತ್ತ ಹೋಯಿತು. ಮರಳಿನ ಮೇಲೆ ಹುಲ್ಲು ಬೆಳೆಯಿತು, ಕುರಿಗಳು ಮೇಯತೊಡಗಿದವು. ಹೀಗೆಯೇ ಬಿಟ್ಟರೆ ದ್ವೀಪವು ದ್ವೀಪವಾಗಿ ಉಳಿಯದೆಂದು ಫ್ರೆಂಚರು ದೊಡ್ಡ ಯೋಜನೆಯೊಂದನ್ನು ಕೈಗೊಂಡರು. ಕೊಲ್ಲಿಗೆ ಬಂದು ಸೇರುವ ಕೂಎನೋಂ ನದಿಗೆ 2009ರಲ್ಲಿ ಒಂದು ಕಟ್ಟೆಯಾಯಿತು. ಉಬ್ಬರದ ನೀರನ್ನು ಅದು ತಡೆದು ಹಿಡಿಯುತ್ತದೆ. ಇಳಿತದ ಹೊತ್ತಿಗೆ ಬಾಗಿಲು ತೆರೆದು ಒಮ್ಮೆಗೇ ಬಿಟ್ಟು, ಹೂಳನ್ನು ಕಡಲಿಗೆ ದೂಡುತ್ತದೆ. 2014ರಲ್ಲಿ ಕಂಬಗಳ ಮೇಲೆ ನಿಂತ ಹೊಸ ಸೇತುವೆ ಬಂತು, ಡೀಟ್ಮಾರ್ ಫೈಖ್ಟಿಂಗರ್ ಎಂಬ ವಾಸ್ತುಶಿಲ್ಪಿಯ ರಚನೆ. ಹಳೆಯ ಏರಿಯನ್ನು ಕಿತ್ತೊಗೆದರು. ಹೊಸ ಸೇತುವೆಯ ತುದಿಯನ್ನು ಬೇಕೆಂದೇ ತಗ್ಗಾಗಿ ಬಿಟ್ಟಿದ್ದಾರೆ. ವರ್ಷದ ಅತಿ ದೊಡ್ಡ ಉಬ್ಬರಗಳಲ್ಲಿ ಅದರ ಮೇಲೆ ನೀರು ಹರಿದು ಬೆಟ್ಟವು ಕೆಲ ಹೊತ್ತು ನಿಜವಾದ ದ್ವೀಪವಾಗುತ್ತದೆ. ಮನುಷ್ಯನು ತಾನು ಕಟ್ಟಿದ ರಸ್ತೆಯನ್ನು ತಾನೇ ಒಡೆದು ಕಡಲಿಗೆ ಅದರ ಜಾಗ ಬಿಟ್ಟುಕೊಟ್ಟ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಸ್ಥಳಪುರಾಣವು 708ನೆಯ ಇಸವಿಯಿಂದ ಮೊದಲಾಗುತ್ತದೆ. ಸಮೀಪದ ಅವ್ರಾಂಶ್ ಪಟ್ಟಣದಲ್ಲಿ ಓಬೇರ್ ಎಂಬ ಬಿಷಪ್ಪರಿದ್ದರು. ದೇವದೂತರ ನಾಯಕನಾದ ಮಿಕಾಯೇಲನು ಅವರ ಕನಸಿನಲ್ಲಿ ಬಂದು, ಕಡಲ ಬಂಡೆಯ ಮೇಲೆ ತನಗೊಂದು ಗುಡಿ ಕಟ್ಟಿಸೆಂದು ಹೇಳಿದನಂತೆ. ಬಿಷಪ್ಪರು ನಂಬಲಿಲ್ಲ. ಎರಡನೆಯ ಸಲವೂ ನಂಬಲಿಲ್ಲ. ಮೂರನೆಯ ಸಲ ಬಂದ ದೇವದೂತನು ಅವರ ತಲೆಗೆ ಬೆರಳೊತ್ತಿದನೆಂದೂ ಬುರುಡೆಯಲ್ಲಿ ರಂಧ್ರ ಬಿದ್ದಿತೆಂದೂ ಕಥೆ. ರಂಧ್ರವಿರುವ ತಲೆಬುರುಡೆಯೊಂದನ್ನು ಅವ್ರಾಂಶ್‌ನ ಚರ್ಚಿನಲ್ಲಿ ಇಂದಿಗೂ ಕಾಯ್ದಿಟ್ಟಿದ್ದಾರೆ. ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಮೂರು ಸಲ ಹೇಳಿಸಿಕೊಳ್ಳದೆ ಕಟ್ಟಡಕ್ಕೆ ಕೈಹಾಕದ ಆ ಹಿರಿಯರ ವಿವೇಕ ಮಾತ್ರ ನಮಗೆ ಮೆಚ್ಚಿಕೆಯಾಯಿತು.

ಇತಿಹಾಸಕ್ಕೆ ಬಂದರೆ, 966ರಲ್ಲಿ ನಾರ್ಮಂಡಿಯ ಅರಸು ಮೊದಲನೆಯ ರಿಚರ್ಡನು ಬೆನೆಡಿಕ್ಟೈನ್ ಪಂಥದ ಸಂನ್ಯಾಸಿಗಳನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನು. 1023ರಲ್ಲಿ ದೊಡ್ಡ ಚರ್ಚಿನ ಕೆಲಸ ಆರಂಭವಾಯಿತು. ನಾವು ಹೋದ ವರ್ಷ ಅದಕ್ಕೆ ಸಾವಿರ ತುಂಬಿತ್ತು. ಅದರ ಸಲುವಾಗಿ ಉತ್ಸವವೂ ಪ್ರದರ್ಶನವೂ ನಡೆದಿದ್ದವು. ಕಟ್ಟಿದ ಬಗೆಯನ್ನು ಓದುಗ ಬಂಧುಗಳು ಕೊಂಚ ಊಹಿಸಿಕೊಳ್ಳಬೇಕು. ಬಂಡೆಯ ಎತ್ತರ ಸುಮಾರು 80 ಮೀಟರ್. ಅದರ ತುದಿ ಚೂಪು; ಗುಡಿ ಕಟ್ಟುವಷ್ಟು ಸಮನೆಲ ಅಲ್ಲಿಲ್ಲ. ತುದಿಯನ್ನು ಕಡಿದು ಸಮಗೊಳಿಸುವ ಬದಲು ಅವರು ಅದರ ಸುತ್ತಲೂ ಇಳಿಜಾರಿನ ಮೇಲೆ ದಪ್ಪ ಕಂಬಗಳ ನೆಲಮನೆಗಳನ್ನು ಕಟ್ಟಿದರು. ಆ ನೆಲಮನೆಗಳ ಮಾಳಿಗೆಯೇ ಮೇಲಿನ ಚರ್ಚಿನ ನೆಲವಾಯಿತು. ಚರ್ಚಿನ ನಟ್ಟನಡುವಿನಲ್ಲಿ ನಿಂತರೆ ಕಾಲ ಕೆಳಗಿರುವುದು ಬಂಡೆಯ ನೆತ್ತಿ; ನಾಲ್ಕು ಹೆಜ್ಜೆ ಅತ್ತಿತ್ತ ಸರಿದರೆ ಕೆಳಗಿರುವುದು ಮನುಷ್ಯರು ಕಟ್ಟಿದ ಟೊಳ್ಳು. ಗ್ರಾನೈಟ್ ಕಲ್ಲುಗಳು ಬಂದದ್ದು ದೂರದ ಶೋಜೇ ದ್ವೀಪಗಳಿಂದ, ದೋಣಿಯಲ್ಲಿ, ಉಬ್ಬರದ ಹೊತ್ತನ್ನು ಕಾದು.

ಊರ ಬಾಗಿಲಲ್ಲಿ ಎರಡು ಹಳೆಯ ಫಿರಂಗಿಗಳಿವೆ. ಇಂಗ್ಲಿಷರು ಫ್ರಾನ್ಸಿನೊಡನೆ ನೂರು ವರ್ಷಗಳ ಯುದ್ಧ ನಡೆಸಿದ್ದಾಗ ನಾರ್ಮಂಡಿಯೆಲ್ಲ ಅವರ ವಶವಾದರೂ ಈ ಬೆಟ್ಟ ವಶವಾಗಲಿಲ್ಲ. 1434ರ ಮುತ್ತಿಗೆಯಲ್ಲಿ ಸೋತು ಹಿಂದಿರುಗುವಾಗ ಬಿಟ್ಟುಹೋದ ಫಿರಂಗಿಗಳಿವು. ಒಳಗೆ ಹೊಕ್ಕರೆ ಒಂದೇ ಒಂದು ಇಕ್ಕಟ್ಟಾದ ಬೀದಿ, ಅದಕ್ಕೆ ದೊಡ್ಡ ಬೀದಿಯೆಂದು ಹೆಸರು! ಎರಡೂ ಬದಿಗೆ ಅಂಗಡಿಗಳು, ತಿನಿಸಿನ ಮನೆಗಳು. ಪ್ಲಾಸ್ಟಿಕ್ ಕತ್ತಿಗಳು, ಕೀಲಿಗೊಂಚಲುಗಳು, ಬಿಸ್ಕತ್ತಿನ ಡಬ್ಬಿಗಳು. ಯಾತ್ರಾಸ್ಥಳದ ಅಂಗಡಿಸಾಲು ಎಲ್ಲಿಯಾದರೂ ಒಂದೇ ಎಂದು ನಕ್ಕೆವು. ಇದು ಇಂದಿನ ಕೆಡುಕೆಂದು ಮೂಗು ಮುರಿಯುವವರೂ ಇದ್ದಾರೆ. ಮಧ್ಯಯುಗದಲ್ಲಿಯೂ ಇಲ್ಲಿಗೆ ಬಂದ ಯಾತ್ರಿಕರು ಸೀಸ ತವರಗಳ ಬಿಲ್ಲೆಗಳನ್ನು ಕೊಂಡು ಟೊಪ್ಪಿಗೆಗೆ ಚುಚ್ಚಿಕೊಂಡು ಊರಿಗೆ ಮರಳುತ್ತಿದ್ದರು. ಆ ಬಿಲ್ಲೆಗಳನ್ನು ಎರಕ ಹೊಯ್ಯುತ್ತಿದ್ದ ಅಚ್ಚುಗಳು ಈ ಊರಿನ ಉತ್ಖನನದಲ್ಲಿಯೇ ದೊರೆತಿವೆ. ಬೀದಿಯ ಮೊದಲಿಗೇ ಅನೆಟ್ ಪೂಲಾರ್ ಎಂಬ ಗೃಹಿಣಿ 1888ರಲ್ಲಿ ಆರಂಭಿಸಿದ ಪ್ರಸಿದ್ಧ ಊಟದ ಮನೆಯಿದೆ. ತಾಮ್ರದ ಬೋಗುಣಿಗಳಲ್ಲಿ ತಾಳಬದ್ಧವಾಗಿ ಮೊಟ್ಟೆ ಕಡೆಯುವ ಸದ್ದು ಹೊರಗೆ ಕೇಳುತ್ತದೆ. ನಮಗೆ ಸಂಬಂಧವಿಲ್ಲದ ಅಡಿಗೆ. ತಾಳವನ್ನಷ್ಟೇ ಕೇಳಿ ಮುಂದೆ ನಡೆದೆವು. ನಮ್ಮ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ದವು.

ಮಠದ ಬಾಗಿಲಿಗೆ ಸುಮಾರು ಮೂರುನೂರೈವತ್ತು ಮೆಟ್ಟಿಲು. ನಮ್ಮ ಮನೆಯವರು ಪ್ರತಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು, ಗೋಡೆಗೆ ಕೈಯೂರಿ, ಮತ್ತೆ ಹತ್ತಿದರು. ಮಗಳು ತೋಳು ಹಿಡಿಯಲು ಬಂದಾಗ ಬೇಡವೆಂದರು. ಹಿಂದಿನಿಂದ ಬಂದ ಫ್ರೆಂಚ್ ಮುದುಕಿಯೊಬ್ಬಳೂ ಹಾಗೆಯೇ ನಿಂತು ನಿಂತು ಏರುತ್ತಿದ್ದಳು. ಭಾಷೆ ಬಾರದ ಇಬ್ಬರೂ ಒಬ್ಬರ ಮೊಣಕಾಲನ್ನು ಇನ್ನೊಬ್ಬರಿಗೆ ತೋರಿಸಿ ತಲೆಯಾಡಿಸಿಕೊಂಡರು. ಅರ್ಧ ಗಂಟೆ ಹಿಡಿಯಿತು.

ಮೇಲೆ ಚರ್ಚಿನ ಮುಂದೆ ಪಶ್ಚಿಮಕ್ಕೆ ತೆರೆದ ವಿಶಾಲವಾದ ಕಟ್ಟೆಯಿದೆ. ಅದು ಮೊದಲು ಬಯಲಾಗಿರಲಿಲ್ಲ. ಚರ್ಚಿನ ನಡುಸಾಲಿಗೆ ಏಳು ಅಂಕಣಗಳಿದ್ದವು. 1776ರ ಬೆಂಕಿಯ ತರುವಾಯ ಮುಂದಿನ ಮೂರನ್ನು ಕೆಡವಿದರು. ಗುಡಿ ಗಿಡ್ಡವಾಯಿತು, ಅಂಗಳ ಹುಟ್ಟಿತು. ಹಾಸುಗಲ್ಲುಗಳ ಮೇಲೆ ಅಲ್ಲಲ್ಲಿ ಅಕ್ಷರಗಳೂ ಅಂಕಿಗಳೂ ಕೆತ್ತಿವೆ. ಯಾವ ಭಕ್ತರ ಹೆಸರೋ ಎಂದುಕೊಂಡರೆ ಅಲ್ಲ. ಕಲ್ಲುಕುಟಿಗರು ತಾವು ಕಡೆದ ಕಲ್ಲಿಗೆ ಹಾಕಿದ ಗುರುತು. ಯಾರು ಎಷ್ಟು ಕಲ್ಲು ಕಡೆದರೆಂದು ಎಣಿಸಿ ಕೂಲಿ ಕೊಡುವುದಕ್ಕಾಗಿ. ಅರಸರ ಶಾಸನಗಳನ್ನು ನಾವು ಬಹಳ ಕಡೆ ಓದಿದ್ದೇವೆ. ದುಡಿದವನ ಕೂಲಿಯ ಲೆಕ್ಕ ದೇವಾಲಯದ ನೆಲದ ಮೇಲೆ ಉಳಿದಿರುವುದನ್ನು ಕಂಡು, ಕಾಯಕದ ಮಾತು ಕೇಳುತ್ತ ಬೆಳೆದ ನಮಗೆ ತಡೆದು ನಿಲ್ಲುವಂತಾಯಿತು.

ಆ ಕಟ್ಟೆಯ ಗೋಡೆಗೆ ಒರಗಿ ಮೂವರೂ ಕೊಲ್ಲಿಯನ್ನು ನೋಡುತ್ತ ನಿಂತೆವು. ಇಳಿತದ ಹೊತ್ತು ಸಮೀಪಿಸಿತ್ತು. ಕಣ್ಣು ಹಾಯುವವರೆಗೆ ಬೂದು ಬಣ್ಣದ ಒದ್ದೆ ಮರಳು, ಅದರಲ್ಲಿ ಬಳುಕುವ ನೀರಿನ ಗೆರೆಗಳು; ಕಡಲೆಂಬುದು ಎಲ್ಲಿಯೋ ಅಂಚಿಗೆ ಸರಿದುಹೋಗಿತ್ತು. ಗಾಳಿ ಬಹಳ. ಹತ್ತು ದಿನ ಆಡದ ಮಾತನ್ನು ನಮ್ಮ ಮನೆಯವರು ಅಲ್ಲಿ ಆಡಿದರು.

"ಕಾಯಂ ಆದ್ರ ನೀ ಇಲ್ಲೇ ಉಳಿಯಾಕಿ ಏನು?"

"ಹೂಂ ಅವ್ವಾ, ಉಳೀಬೇಕಂತ ಮನಸ್ಸೈತಿ. ನೀವಿಬ್ರೂ ಏನಂತೀರೋ ಅಂತ ಬಾಯಿ ಬಿಟ್ಟಿದ್ದಿಲ್ಲ."

"ನಾವು ಬ್ಯಾಡ ಅಂದ್ರ?"

ಮಗಳು ಕೂಡಲೇ ಉತ್ತರಿಸಲಿಲ್ಲ. ಆಮೇಲೆ, "ಬ್ಯಾಡ ಅಂದ್ರ ಬರ್ತೀನಿ. ಆದ್ರ ಬ್ಯಾಡ ಅನಬ್ಯಾಡ್ರಿ" ಎಂದಳು.

ನಾವಿಬ್ಬರೂ ಸುಮ್ಮನಿದ್ದೆವು. ಒಬ್ಬಳೇ ಮಗಳು. ಮನೆ ಕಟ್ಟಿಸುವಾಗ ಮಾಳಿಗೆಯ ಮೇಲೆ ಅವಳಿಗಾಗಿಯೇ ಎರಡು ಕೋಣೆ ತೆಗೆದಿರಿಸಿದವರು ನಾವು. ಕೆಲ ಹೊತ್ತಿನ ಮೇಲೆ ನಮ್ಮ ಮನೆಯವರು ತಮ್ಮ ಕೊರಳಿನ ಉಣ್ಣೆಯ ವಸ್ತ್ರವನ್ನು ಬಿಚ್ಚಿ ಮಗಳ ಕಿವಿ ಮುಚ್ಚುವಂತೆ ತಲೆಗೆ ಸುತ್ತಿ, "ಇಂಥಾ ಗಾಳ್ಯಾಗ ಹಿಂಗ ನಿಂತೀಯಲ್ಲ, ನೆಗಡಿ ಆಗೂದಿಲ್ಲೇನು?" ಎಂದರು. ಅದಕ್ಕಿಂತ ಹೆಚ್ಚಿನ ಉತ್ತರವನ್ನು ಆ ಹೊತ್ತಿಗೆ ಅವರು ಕೊಡಲಿಲ್ಲ.

ಹನ್ನೆರಡಕ್ಕೆ ಚರ್ಚಿನಲ್ಲಿ ಪೂಜೆ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಈ ಮಠದಿಂದ ಸಂನ್ಯಾಸಿಗಳನ್ನು ಹೊರಗಟ್ಟಲಾಯಿತು. ಅಂದಿನಿಂದ ನೂರೈವತ್ತಕ್ಕೂ ಹೆಚ್ಚು ವರ್ಷ ಇಲ್ಲಿ ಸಂನ್ಯಾಸಿ ಸಮುದಾಯವೇ ಇರಲಿಲ್ಲ. 1966ರಲ್ಲಿ ಮಠದ ಸ್ಥಾಪನೆಯ ಸಾವಿರ ವರ್ಷದ ಆಚರಣೆಯ ನಿಮಿತ್ತ ಬೆನೆಡಿಕ್ಟೈನರು ಬಂದರು, ಪುನಃ ಒಂದು ಸಣ್ಣ ಸಮುದಾಯ ನೆಲೆಗೊಂಡಿತು. 2001ರಲ್ಲಿ ಅವರ ಜಾಗಕ್ಕೆ ಜೆರುಸಲೇಮ್ ಬಳಗದ ಸೋದರ ಸೋದರಿಯರು ಬಂದರು. ಅಂದು ಪೂಜೆಯಲ್ಲಿದ್ದವರು ಬಿಳಿಯ ನಿಲುವಂಗಿ ತೊಟ್ಟ ಕೆಲವೇ ಜನ. ಸ್ತ್ರೀಯರೂ ಪುರುಷರೂ ಒಂದೇ ಸಾಲಿನ ಗೌರವದಲ್ಲಿ ಕುಳಿತು ಹಾಡಿದರು. ವಾದ್ಯವಿಲ್ಲ, ಧ್ವನಿವರ್ಧಕದ ಅಬ್ಬರವಿಲ್ಲ. ಕಲ್ಲಿನ ಕಮಾನುಗಳು ಸ್ವರವನ್ನು ಎತ್ತಿಕೊಂಡು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಭಾಷೆ ತಿಳಿಯದ ನಾವು ಹಿಂದಿನ ಸಾಲಿನಲ್ಲಿ ಕಣ್ಣುಮುಚ್ಚಿ ಕುಳಿತೆವು. ಕ್ಯಾಮೆರಾ ಹಿಡಿದ ಜನ ಕೂಡ ಆ ಮುಕ್ಕಾಲು ಗಂಟೆ ಸದ್ದು ಮಾಡಲಿಲ್ಲ. ಅಷ್ಟು ಹೊತ್ತು ಆ ಕಟ್ಟಡವು ವಸ್ತುಸಂಗ್ರಹಾಲಯವಾಗಿರಲಿಲ್ಲ.

ಚರ್ಚಿನ ಉತ್ತರಕ್ಕೆ ಅಂಟಿಕೊಂಡಿರುವ ಭಾಗವನ್ನು ಫ್ರೆಂಚರು 'ಮರ್ವೇಯ್' ಎನ್ನುತ್ತಾರೆ, ಅದ್ಭುತವೆಂದು ಅರ್ಥ. 1204ರಲ್ಲಿ ಬ್ರಿಟನಿಯ ಸೈನಿಕರು ಊರಿಗೆ ಇಟ್ಟ ಬೆಂಕಿ ಮಠಕ್ಕೂ ತಗುಲಿತು. ಅವರು ಫ್ರಾನ್ಸಿನ ಅರಸನಾದ ಫಿಲಿಪ್ ಅಗಸ್ಟಸನ ಪಕ್ಷದವರು. ಅರಸನು ಆ ಹಾನಿಗೆ ಪರಿಹಾರವೆಂಬಂತೆ ಹಣ ಕೊಟ್ಟನು. ಆ ಹಣದಿಂದ 1211ರಿಂದ 1228ರವರೆಗೆ, ಹದಿನೇಳೇ ವರ್ಷಗಳಲ್ಲಿ, ಕಡಿದಾದ ಬಂಡೆಯ ಮಗ್ಗುಲಿಗೆ ಮೂರು ಅಂತಸ್ತಿನ ಈ ಕಟ್ಟಡ ಎದ್ದಿತು. ಕೆಳಗೆ ಅತಿ ದಪ್ಪನೆಯ ಗೋಡೆ, ಮೇಲೆ ಹೋದಂತೆ ತೆಳುವು, ಎಲ್ಲಕ್ಕೂ ಮೇಲೆ ಬಲು ಹಗುರ.

ಎಲ್ಲಕ್ಕೂ ಮೇಲಿರುವುದು ಸಂನ್ಯಾಸಿಗಳು ಧ್ಯಾನಿಸುತ್ತ ಸುತ್ತು ಬರುತ್ತಿದ್ದ ಕಂಬಸಾಲು. ನಡುವೆ ಚೌಕದ ಹಸುರು ಅಂಗಳ. ಸುತ್ತ 137 ಸಣ್ಣ ಕಂಬಗಳು. ಎರಡು ಸಾಲಾಗಿ, ಆದರೆ ಎದುರುಬದುರಾಗಿ ಅಲ್ಲ. ಒಂದು ಸಾಲಿನ ಎರಡು ಕಂಬಗಳ ನಡುವಣ ತೆರಪಿಗೆ ಇನ್ನೊಂದು ಸಾಲಿನ ಕಂಬ ಬರುವಂತೆ ನಿಲ್ಲಿಸಿದ್ದಾರೆ. ಹೀಗಾಗಿ ನಡೆಯುವವನ ಕಣ್ಣಿಗೆ ಹೆಜ್ಜೆಗೊಂದು ಹೊಸ ನೋಟ. ಕಮಾನುಗಳ ಮೂಲೆಯಲ್ಲಿ ಎಲೆ ಬಳ್ಳಿಗಳ ನವುರಾದ ಕೆತ್ತನೆ. ಪಶ್ಚಿಮದ ಗೋಡೆಯಲ್ಲಿನ ತೆರಪುಗಳ ಆಚೆ ಏನೂ ಇಲ್ಲ, ಬರಿಯ ಗಾಳಿ ಮತ್ತು ಕಡಲು. ಅಲ್ಲಿ ಇನ್ನೊಂದು ಸಭಾಭವನ ಕಟ್ಟುವ ಸಂಕಲ್ಪವಿತ್ತಂತೆ, ಕೈಗೂಡಲಿಲ್ಲ. ಕೈಗೂಡದ್ದೇ ಲೇಸಾಯಿತು.

ಪಕ್ಕದ ಭೋಜನಶಾಲೆಗೆ ಕಾಲಿಟ್ಟಾಗ ನಾವು ಬೆರಗಾದೆವು. ಉದ್ದವಾದ ಸಾಲೆಯ ತುಂಬ ಬೆಳಕು, ಆದರೆ ಕಿಟಕಿ ಒಂದೂ ಕಾಣದು. ಮುಂದೆ ನಡೆದಂತೆ ಒಂದೊಂದಾಗಿ ಗೋಡೆಯ ಮಡಿಕೆಗಳಿಂದ ಹೊರಬಂದವು: 59 ಕಿರಿದಾದ ಕಿಟಕಿಗಳು. ಮಾಳಿಗೆಯ ಭಾರ ಹೊರಲು ಗೋಡೆ ದಪ್ಪಗಿರಬೇಕು, ಬೆಳಕಿಗೆ ಕಿಟಕಿಯೂ ಬೇಕು. ಆದ್ದರಿಂದ ಆಳವಾದ ಸೀಳುಗಳಂತೆ ಅವನ್ನು ಕೂಡಿಸಿದ್ದಾರೆ. ಇಲ್ಲಿ ಸಂನ್ಯಾಸಿಗಳು ಮಾತಿಲ್ಲದೆ ಉಣ್ಣುತ್ತಿದ್ದರು. ಒಬ್ಬನು ಮಾತ್ರ ಗೋಡೆಯಲ್ಲಿನ ಪೀಠದಲ್ಲಿ ನಿಂತು ಧರ್ಮಗ್ರಂಥ ಓದುತ್ತಿದ್ದನು.

ಇದರ ಕೆಳಗಿನ ಅಂತಸ್ತಿನಲ್ಲಿ ಅರಸು ಮತ್ತು ಸಿರಿವಂತರ ಆತಿಥ್ಯದ ಸಾಲೆ. ಅದರ ಕೆಳಗೆ, ತಳದಲ್ಲಿ, ಬಡ ಯಾತ್ರಿಕರಿಗೆ ಅನ್ನ ನೀಡುತ್ತಿದ್ದ ಸಾಲೆ. ತಳದವರು ಬಡವರು, ನಡುವಿನವರು ಉಳ್ಳವರು, ಮೇಲಿನವರು ದೇವರ ಸಮೀಪದವರು. ಮಾರ್ಗದರ್ಶಿ ಇದನ್ನು ಆ ಕಾಲದ ಸಮಾಜದ ಕಲ್ಲಿನ ಚಿತ್ರವೆಂದು ಸಂತೋಷದಿಂದ ವಿವರಿಸಿದನು. ದಾಸೋಹದ ಪಂಕ್ತಿಯಲ್ಲಿ ಎಲ್ಲರೊಡನೆ ಒಂದೇ ನೆಲದ ಮೇಲೆ ಕುಳಿತು ಉಂಡು ಬೆಳೆದ ನಮಗೆ ಆ ಸಂತೋಷದಲ್ಲಿ ಪಾಲ್ಗೊಳ್ಳಲಾಗಲಿಲ್ಲ. ಹಾಗೆಂದು ಆ ತಳದ ಸಾಲೆಯನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಮಂಜಿನಲ್ಲಿ, ಹುದುಲು ಮರಳಿನಲ್ಲಿ, ಬೆನ್ನಟ್ಟಿ ಬರುವ ಉಬ್ಬರದಲ್ಲಿ ಪ್ರಾಣವನ್ನು ಕೈಯಲ್ಲಿ ಹಿಡಿದು ಬಂದ ಜನರಿಗೆ ಮೊದಲು ದೊರೆಯುತ್ತಿದ್ದದ್ದು ಆ ನೆಲ, ಆ ಬಿಸಿ ಅಂಬಲಿ. ಯಾತ್ರಿಕರಲ್ಲಿ ಮಕ್ಕಳೂ ಇದ್ದರು. ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ಮಕ್ಕಳ ತಂಡಗಳು ತಾಯಿತಂದೆಯರನ್ನು ಬಿಟ್ಟು ಜರ್ಮನಿಯಂಥ ದೂರದ ನಾಡಿನಿಂದಲೂ ಇಲ್ಲಿಗೆ ಹೊರಟದ್ದನ್ನು ಚರಿತ್ರಕಾರರು ಬರೆದಿದ್ದಾರೆ. ಅದನ್ನು ಕೇಳಿ ನಮ್ಮ ಮನೆಯವರು, "ಅವರ ತಾಯಂದಿರು ಏನು ಮಾಡಿದರಂತೆ?" ಎಂದು ಕೇಳಿದರು. ಮಗಳು ಅನುವಾದಿಸಿ ಹೇಳಿದಳು. ಮಾರ್ಗದರ್ಶಿಯ ಬಳಿ ಉತ್ತರವಿರಲಿಲ್ಲ.

ಮಧ್ಯದ ಅಂತಸ್ತಿನ ಇನ್ನೊಂದು ದೊಡ್ಡ ಸಾಲೆಯಲ್ಲಿ ಸಂನ್ಯಾಸಿಗಳು ಓದುತ್ತಿದ್ದರು, ಬರೆಯುತ್ತಿದ್ದರು. ಛಳಿ ಕಾಯಿಸಲು ಒಲೆಗಳಿವೆ. ಇಲ್ಲವಾದರೆ ಬೆರಳು ಆಡುತ್ತಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರೋಬೇರ್ ದ ತೋರಿನ್ಯಿ ಎಂಬ ಮಠಾಧಿಪತಿ ತಾನೇ ಚರಿತ್ರಕಾರನಾಗಿದ್ದು ಗ್ರಂಥಭಂಡಾರವನ್ನು ಬೆಳೆಸಿದನು. ಕ್ರಾಂತಿಯ ಕಾಲದಲ್ಲಿ ಈ ಹಸ್ತಪ್ರತಿಗಳನ್ನು ಅವ್ರಾಂಶ್‌ಗೆ ಸಾಗಿಸಿದರು. ಸುಮಾರು ಇನ್ನೂರು ಮಧ್ಯಯುಗದ ಗ್ರಂಥಗಳು ಅಲ್ಲಿ ಉಳಿದಿವೆ. ಮಠದ ದಾನಪತ್ರಗಳನ್ನು ಸೇಂ ಲೋ ಪಟ್ಟಣದ ದಫ್ತರಖಾನೆಯಲ್ಲಿ ಇರಿಸಿದ್ದರು. 1944ರ ಜೂನ್ ತಿಂಗಳಲ್ಲಿ ಮಿತ್ರಪಡೆಗಳ ಬಾಂಬುಗಳು ಬಿದ್ದಾಗ ಅವು ಸುಟ್ಟುಹೋದವು. ಎಂಟುನೂರು ವರ್ಷ ಕಡಲನ್ನೂ ಬೆಂಕಿಯನ್ನೂ ದಾಟಿ ಬಂದ ಪತ್ರಗಳು!

ಇನ್ನು ಈ ಮಠದ ಕತ್ತಲೆಯ ಅಧ್ಯಾಯ. ಅರಸರ ಕಾಲದಲ್ಲಿಯೇ ಇಲ್ಲಿ ಕೆಲವು ಸೆರೆಕೋಣೆಗಳಿದ್ದವು. ಕ್ರಾಂತಿಯ ನಂತರ ಇಡೀ ಮಠವೇ ಸೆರೆಮನೆಯಾಯಿತು. ಕಡಲ ಬಾಸ್ತೀಯ್ ಎಂದು ಜನ ಕರೆದರು. ಮೊದಲು ಬಂಧಿತರಾದವರಲ್ಲಿ ಪಾದ್ರಿಗಳೇ ಇದ್ದರೆಂಬುದು ವಿಪರ್ಯಾಸ. ಚರ್ಚಿನ ಒಳಾಂಗಣವನ್ನೇ ಅಂತಸ್ತುಗಳಾಗಿ ಸೀಳಿ ಕೈದಿಗಳಿಂದ ಹುಲ್ಲಿನ ಟೊಪ್ಪಿಗೆ ಹೆಣೆಸಿದರು. 1834ರಲ್ಲಿ ಅಲ್ಲಿಯೂ ಬೆಂಕಿ ಬಿದ್ದಿತು. ಸಂನ್ಯಾಸಿಗಳ ಅಸ್ಥಿಗಳನ್ನು ಇರಿಸುತ್ತಿದ್ದ ಕೋಣೆಯಲ್ಲಿ ಆಳೆತ್ತರವನ್ನೂ ಮೀರಿದ ಮರದ ಗಾಲಿಯೊಂದಿದೆ. ಕೈದಿಗಳು ಆ ಗಾಲಿಯ ಒಳಗೆ ನಿಂತು ನಡೆಯಬೇಕು. ಅವರು ನಡೆದಂತೆ ಗಾಲಿ ತಿರುಗಿ, ಹಗ್ಗ ಸುತ್ತಿ, ಗೋಡೆಯ ಇಳಿಜಾರಿನ ಮೇಲಿಂದ ದವಸ ಧಾನ್ಯಗಳು ಮೇಲಕ್ಕೆ ಬರುತ್ತಿದ್ದವು. ಎಷ್ಟು ನಡೆದರೂ ಅದೇ ಜಾಗ. "ಗಾಣದ ಎತ್ತಿಗಾದರೂ ಸುತ್ತು ಬರುವ ನೆಲವಿರುತ್ತದೆ" ಎಂದರು ನಮ್ಮ ಮನೆಯವರು. ವಿಕ್ಟರ್ ಹ್ಯೂಗೋ ಮೊದಲಾದವರು ಈ ಅನ್ಯಾಯದ ವಿರುದ್ಧ ಬರೆದರು. 1863ರಲ್ಲಿ ಸೆರೆಮನೆ ಮುಚ್ಚಿತು, 1874ರಲ್ಲಿ ಕಟ್ಟಡವನ್ನು ಐತಿಹಾಸಿಕ ಸ್ಮಾರಕವೆಂದು ಸಾರಲಾಯಿತು. ಆದರೂ ಒಂದು ಮಾತು ಹೇಳಬೇಕು. ಸೆರೆಮನೆಯಾಗಿ ಉಪಯೋಗಕ್ಕಿತ್ತೆಂಬ ಕಾರಣಕ್ಕೇ ಈ ಕಟ್ಟಡ ಉಳಿಯಿತು. ಕ್ರಾಂತಿಯ ತರುವಾಯ ಮಾರಾಟವಾದ ಫ್ರಾನ್ಸಿನ ಎಷ್ಟೋ ಮಠಗಳು ಕಲ್ಲಿನ ಗಣಿಗಳಾದವು. ಸುತ್ತಣ ಜನ ಗೋಡೆ ಕಟ್ಟಲು ಒಯ್ದರು. ಈಗ ಕಾಣುವ ಚೂಪು ಶಿಖರ, ಅದರ ತುದಿಯ ಚಿನ್ನದ ಬಣ್ಣದ ಮಿಕಾಯೇಲನ ಮೂರ್ತಿ, ಎಲ್ಲವೂ 1897ರವು. ಮೂರ್ತಿ ಮಾಡಿದವನು ಫ್ರೆಮಿಯೇ. 2016ರಲ್ಲಿ ಹೆಲಿಕಾಪ್ಟರಿನಿಂದ ಅದನ್ನು ಇಳಿಸಿ, ಸರಿಪಡಿಸಿ, ಮತ್ತೆ ಏರಿಸಿದರು.

ಮಧ್ಯಾಹ್ನ ಮೀರಿದ ಮೇಲೆ ಕೋಟೆಯ ಗೋಡೆಯ ಮೇಲೆ ಕುಳಿತು ರೊಟ್ಟಿ ತಿಂದೆವು. ಕಡಲಹಕ್ಕಿಗಳು ಬಂದು ಎದುರಿಗೇ ನಿಂತವು. ಅವಕ್ಕೆ ಹಾಕಬಾರದೆಂದು ಫಲಕವಿದೆ. ನಮ್ಮ ಮನೆಯವರು ಫಲಕಕ್ಕೆ ಬೆನ್ನು ಮಾಡಿ ಕುಳಿತರು.

ಸಂಜೆ ಆರರ ನಂತರ ಉಬ್ಬರ ಬಂದಿತು. ಅಟ್ಲಾಂಟಿಕ್ ಸಾಗರದ ಉಬ್ಬರ ಇಂಗ್ಲಿಷ್ ಕಡಲ್ಗಾಲುವೆಯೊಳಗೆ ನುಗ್ಗಿ, ಕೊತಾಂತೆ ಎಂಬ ಚಾಚುನೆಲಕ್ಕೆ ತಡೆದು, ಕೊಳವೆಯಂತೆ ಕಿರಿದಾಗುವ ಈ ಆಳವಿಲ್ಲದ ಕೊಲ್ಲಿಯಲ್ಲಿ ಏರುತ್ತದೆ. ಅತಿ ದೊಡ್ಡ ದಿನಗಳಲ್ಲಿ ಏರಿಳಿತದ ಅಂತರ 14 ಮೀಟರಿನಷ್ಟು. ಓಡುವ ಕುದುರೆಯ ವೇಗದಲ್ಲಿ ಬರುತ್ತದೆಂದು ನಾಣ್ಣುಡಿ. ಕುದುರೆಯಷ್ಟೇನೂ ಅಲ್ಲ, ಬಿರುಸಾಗಿ ನಡೆಯುವ ಮನುಷ್ಯನಷ್ಟು. ಅಷ್ಟೇ ಸಾಕು, ಮರಳಿನಲ್ಲಿ ನಡೆಯುವವನನ್ನು ಸುತ್ತುವರಿಯಲು. ಏಕೆಂದರೆ ಅದು ಎದುರಿನಿಂದ ಮಾತ್ರ ಬರುವುದಿಲ್ಲ, ಹಿಂದಿನ ತಗ್ಗುಗಳಲ್ಲಿ ಮೊದಲು ತುಂಬುತ್ತದೆ. ಮೊದಲು ದೂರದಲ್ಲಿ ಬಿಳಿಯ ಗೆರೆ. ಆಮೇಲೆ ಸದ್ದು, ಮಳೆ ಬರುವ ಮುನ್ನ ಜೋಳದ ಹೊಲದಲ್ಲಿ ಏಳುವಂಥದು. ನದಿಯ ನೀರು ಹಿಂದಕ್ಕೆ ಹರಿಯತೊಡಗಿತು. ತೋಂಬ್ಲೇನ್ ಎಂಬ ಸಣ್ಣ ದ್ವೀಪದ ಸುತ್ತ ಮರಳು ಮಾಯವಾಯಿತು. ಎರಡು ಗಂಟೆಯಲ್ಲಿ, ಬೆಳಿಗ್ಗೆ ನಾವು ನೋಡಿದ್ದ ಬಯಲೆಲ್ಲ ಕಡಲಾಗಿ, ಕೋಟೆಯ ಕಲ್ಲಿಗೆ ಅಲೆ ಬಡಿಯುತ್ತಿತ್ತು. ಪೂರ್ವದಲ್ಲಿ ಕೆಂಪಗೆ ಚಂದ್ರ.

ಆ ಹೊತ್ತಿಗೆ ನಮ್ಮ ಮನೆಯವರು ಮಗಳನ್ನು, ವರ್ಷಕ್ಕೆ ಎಷ್ಟು ದಿನ ರಜೆ ಎಂದು ಕೇಳಿದರು. ಐದು ವಾರ ಎಂದಳು. ಒಟ್ಟಿಗೇ ತೆಗೆದುಕೊಳ್ಳಲು ಬಿಡುತ್ತಾರೋ ಎಂದು ಕೇಳಿದರು. ಬೇಸಿಗೆಯಲ್ಲಿ ಬಿಡುತ್ತಾರೆ ಎಂದಳು. ನಮ್ಮಲ್ಲಿ ಆಗ ಮಳೆಗಾಲ, ಶ್ರಾವಣಕ್ಕೆ ಬರಬಹುದು ಎಂದರು ಇವರು. ನಾವು ನಡುವೆ ಮಾತಾಡಲಿಲ್ಲ.

ಆ ರಾತ್ರಿ ದಡದ ವಸತಿಗೃಹದಲ್ಲಿ ತಂಗಿ, ಮರುದಿನ ಮಧ್ಯಾಹ್ನ ಇಳಿತದ ವೇಳೆಗೆ ಪರವಾನಿಗೆಯುಳ್ಳ ಮಾರ್ಗದರ್ಶಕನೊಬ್ಬನ ತಂಡ ಸೇರಿ ಬರಿಗಾಲಲ್ಲಿ ಮರಳಿಗಿಳಿದೆವು. ಇಂಥವರ ಜೊತೆಯಿಲ್ಲದೆ ಕೊಲ್ಲಿಯೊಳಗೆ ಹೋಗುವುದು ಇಂದಿಗೂ ಅಪಾಯ. ಹನ್ನೊಂದನೆಯ ಶತಮಾನದ ಪ್ರಸಿದ್ಧ ಬೇಯೂ ಕಸೂತಿಪಟದಲ್ಲಿಯೇ ಈ ಬೆಟ್ಟವೂ, ಹುದುಲಿನಲ್ಲಿ ಸಿಕ್ಕ ಸೈನಿಕರನ್ನು ಹೆರಾಲ್ಡನು ಎತ್ತಿ ತರುವ ಚಿತ್ರವೂ ಇವೆ. ಮಾರ್ಗದರ್ಶಕನು ಒಂದೆಡೆ ನಿಂತು ಕಾಲನ್ನು ತುಳಿತುಳಿದು ತೋರಿಸಿದನು. ಗಟ್ಟಿಯಾಗಿದ್ದ ಮರಳು ಅಂಬಲಿಯಂತೆ ಅಲುಗಿ ಅವನ ಮೊಣಕಾಲವರೆಗೆ ನುಂಗಿತು. ಸೆಣಸಾಡಬಾರದು, ಹಿಂದಕ್ಕೆ ಒರಗಿ ಒಂದೊಂದೇ ಕಾಲನ್ನು ನಿಧಾನವಾಗಿ ಬಿಡಿಸಿಕೊಳ್ಳಬೇಕೆಂದು ಹೇಳಿ, ಹಾಗೆಯೇ ಬಿಡಿಸಿಕೊಂಡನು. ಮಕ್ಕಳೆಲ್ಲ ತಾವೂ ತುಳಿದು ನೋಡಿದರು. ನಮ್ಮ ಮನೆಯವರು ಸೀರೆಯನ್ನು ಎತ್ತಿ ಕಟ್ಟಿ ಅವರ ನಡುವೆ ನಿಂತರು. ಮೊಣಕಾಲು ನೋವಿನ ಮಾತು ಅಂದು ಅವರು ಎತ್ತಲಿಲ್ಲ. ಮಗಳು ಅವರ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಮುಂದೆ ನಡೆದಿದ್ದಳು. ತಿರುಗಿ ನೋಡಿ, ಮಾರ್ಗದರ್ಶಕನು ಕರೆಯುತ್ತಿದ್ದಾನೆ, ನೀರು ತಿರುಗುವ ಹೊತ್ತಾಯಿತು, ಬೇಗ ಬರಬೇಕೆಂದು ಕೂಗಿದಳು.